ಹಬ್ಬದ ಸಾಲಿನಲ್ಲಿ ಮನಸ್ಸಿನ ಆರೋಗ್ಯ: ತಿಳಿದಿರಬೇಕಾದ ಸಂಗತಿಗಳು

ಗೌರಿ-ಗಣೇಶ ಹಬ್ಬದಿಂದ ಮೊದಲ್ಗೊಂಡು ಪಿತೃಪಕ್ಷ, ನವರಾತ್ರಿ, ವಿಜಯದಶಮಿಗಳನ್ನು ದಾಟಿ ದೀಪಾವಳಿಯ ಬಲಿಪಾಡ್ಯಮಿಯವರೆಗೆ ಸುಮಾರು ಎರಡು ತಿಂಗಳ ಕಾಲ ಕರ್ನಾಟಕದ ಮನೆಗಳಲ್ಲಿ ಹಬ್ಬಗಳದೇ ಸಾಲು. ಮನೆಗೆ ಸುಣ್ಣ-ಬಣ್ಣ, ಮಕ್ಕಳಿಗೆ ಹೊಸ ಬಟ್ಟೆ, ಊರಿಗೆ ಹೋಗುವ ಬಸ್ಸಿನ ಟಿಕೆಟ್ಟು, ನೆಂಟರಿಷ್ಟರ ಬರುವಿಕೆ ಇವೆಲ್ಲವೂ ಸಂಭ್ರಮದ ಲಕ್ಷಣಗಳೇ. ಆದರೆ ಇದೇ ದಿನಗಳಲ್ಲಿ ಹಲವರಿಗೆ ನಿದ್ದೆ ಕೆಡುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ಜನರ ನಡುವೆಯೂ ಒಂಟಿತನ ಕಾಡುತ್ತದೆ. ಎಲ್ಲರೂ ನಗುತ್ತಿರುವಾಗ ತನಗೆ ಮಾತ್ರ ಹೀಗೇಕೆ ಎಂಬ ಪ್ರಶ್ನೆ ಆ ನೋವಿಗೆ ನಾಚಿಕೆಯನ್ನೂ ಸೇರಿಸುತ್ತದೆ.

ಹಬ್ಬದ ಬೇಸರ ವ್ಯಕ್ತಿಯ ದೌರ್ಬಲ್ಯವಲ್ಲ. ನಿದ್ದೆ, ಊಟ, ಔಷಧಿ, ಖರ್ಚು, ಏಕಾಂತ ಇವುಗಳಿಗೆ ಉಳಿದ ದಿನಗಳಲ್ಲಿ ಇರುವ ಲಯ ಹಬ್ಬದಲ್ಲಿ ಒಮ್ಮೆಲೇ ತಪ್ಪುತ್ತದೆ. ಆದ್ದರಿಂದ ಹಬ್ಬದ ಕಾಲದ ಆರೈಕೆ ಎಂದರೆ ಬಲವಂತವಾಗಿ ಸಂತೋಷಪಡುವುದಲ್ಲ. ತಪ್ಪಬಾರದ ಕೆಲವು ಕ್ರಮಗಳನ್ನು ತಪ್ಪದಂತೆ ನೋಡಿಕೊಳ್ಳುವುದು.

ಸಂತೋಷವೂ ಒಂದು ಹೊರೆ

ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಜೀವನದ 43 ಘಟನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಪ್ರತಿಯೊಂದು ಘಟನೆಗೂ ಮನುಷ್ಯ ಎಷ್ಟರಮಟ್ಟಿಗೆ ಹೊಂದಿಕೊಳ್ಳಬೇಕಾಗುತ್ತದೆ ಎಂಬುದರ ಮೇಲೆ ಅಂಕ ನೀಡಲಾಗಿತ್ತು. ಸಂಗಾತಿಯ ಮರಣಕ್ಕೆ 100 ಅಂಕ. ಅದೇ ಪಟ್ಟಿಯಲ್ಲಿ ರಜೆಗೆ 13, ಕ್ರಿಸ್‌ಮಸ್ ಹಬ್ಬಕ್ಕೆ 12 ಅಂಕಗಳಿವೆ. ಅಂಕಗಳು ಸಣ್ಣವು. ಆದರೆ ಹಬ್ಬವೂ ಆ ಪಟ್ಟಿಯಲ್ಲಿದೆ ಎಂಬುದೇ ಗಮನಾರ್ಹ. ಬದಲಾವಣೆ ಒಳ್ಳೆಯದಾಗಿರಲಿ, ಕೆಟ್ಟದ್ದಾಗಿರಲಿ, ದೇಹ ಮತ್ತು ಮನಸ್ಸುಗಳು ಅದಕ್ಕೆ ಹೊಂದಿಕೊಳ್ಳಲು ಶಕ್ತಿ ವ್ಯಯಿಸಬೇಕು. ಈಗಾಗಲೇ ಸಾಲ, ಕಾಯಿಲೆ, ಕೆಲಸದ ಅಭದ್ರತೆ ಅಥವಾ ಅಗಲಿಕೆಯ ಭಾರ ಹೊತ್ತವರಿಗೆ ಹಬ್ಬದ ಈ ಸಣ್ಣ ಭಾರವೂ ಹೆಚ್ಚಾಗಬಹುದು.

ಒತ್ತಡ ಯಾರ ಮೇಲೆ ಹೆಚ್ಚು?

ಹಬ್ಬದ ದುಡಿಮೆ ಮನೆಯಲ್ಲಿ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ಮನೆ ತೊಳೆಯುವುದು, ತೋರಣ ಕಟ್ಟುವುದು, ಮಡಿ, ನೈವೇದ್ಯ, ಹತ್ತಾರು ಜನರ ಅಡುಗೆ, ಬಂದವರಿಗೆ ತಾಂಬೂಲ ಇವೆಲ್ಲ ಬಹುತೇಕ ಮನೆಗಳಲ್ಲಿ ಒಬ್ಬಿಬ್ಬರು ಹೆಣ್ಣುಮಕ್ಕಳ ಪಾಲಿಗೇ ಬೀಳುತ್ತವೆ. ಕಚೇರಿಗೆ ಹೋಗುವ ಸೊಸೆಗೆ ಹಬ್ಬದ ರಜೆ ವಿಶ್ರಾಂತಿಯ ದಿನವಲ್ಲ, ಮುಂಜಾನೆ ನಾಲ್ಕಕ್ಕೇ ಆರಂಭವಾಗುವ ಎರಡನೆಯ ಉದ್ಯೋಗ.

ಬಂಧುಗಳು ಸೇರಿದಾಗ ಕೇಳಿಬರುವ ಪ್ರಶ್ನೆಗಳದು ಇನ್ನೊಂದು ಬಗೆಯ ಒತ್ತಡ. ಮದುವೆ ಯಾವಾಗ, ಮಗು ಯಾವಾಗ, ಸಂಬಳ ಎಷ್ಟು, ಸೈಟು ತೆಗೆದುಕೊಂಡಾಯಿತೇ ಎಂಬವು ಕೇಳುವವರಿಗೆ ಯೋಗಕ್ಷೇಮದ ಮಾತುಗಳು. ಸಂತಾನಕ್ಕಾಗಿ ಚಿಕಿತ್ಸೆ ಪಡೆಯುತ್ತಿರುವ ದಂಪತಿಗೆ, ಕೆಲಸ ಕಳೆದುಕೊಂಡು ಅದನ್ನು ಮನೆಯಲ್ಲಿ ಹೇಳಿರದ ಯುವಕನಿಗೆ ಅವು ವಾರಗಟ್ಟಲೆ ಮೊದಲೇ ನಿದ್ದೆ ಕೆಡಿಸುವ ಮಾತುಗಳು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ನಗರಗಳಲ್ಲಿ ಮಕ್ಕಳು ವಿದೇಶದಲ್ಲಿರುವ ವೃದ್ಧ ದಂಪತಿಗಳಿದ್ದಾರೆ. ರಜೆ ಸಿಗದೆ ಪಿಜಿಯಲ್ಲಿಯೇ ಉಳಿಯುವ ಯುವಜನರಿದ್ದಾರೆ. ಹಬ್ಬದ ದಿನ ಪಾಳಿಯ ಮೇಲಿರುವ ಆಸ್ಪತ್ರೆ ದಾದಿಯರು, ಬಸ್ ಚಾಲಕರು, ಪೊಲೀಸರು, ಕಾವಲುಗಾರರಿದ್ದಾರೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳನ್ನು ಅರಿಶಿನ-ಕುಂಕುಮದ ಸಾಲಿನಿಂದ ಹೊರಗಿಡುವ ರೂಢಿ ಇಂದಿಗೂ ಹಲವೆಡೆ ಇದೆ. ಉಳಿದ ದಿನಗಳಲ್ಲಿ ಮರೆಯಬಹುದಾದ ಕೊರತೆಯೊಂದನ್ನು ಹಬ್ಬ ಎಲ್ಲರೆದುರು ನೆನಪಿಸುತ್ತದೆ.

ಇಂಥ ಸಂದರ್ಭಗಳಲ್ಲಿ ಮೊದಲೇ ಮಾಡಿಕೊಂಡ ತೀರ್ಮಾನಗಳು ನೆರವಾಗುತ್ತವೆ. ಯಾವ ಕೆಲಸ ಯಾರದು ಎಂದು ಹಬ್ಬಕ್ಕೆ ಒಂದು ವಾರ ಮೊದಲೇ ಗಂಡಸರೂ ಮಕ್ಕಳೂ ಸೇರಿ ಹಂಚಿಕೊಳ್ಳುವುದು, ಐದು ಬಗೆಯ ಸಿಹಿಯ ಬದಲು ಒಂದನ್ನೇ ಮಾಡುವುದು ಅಥವಾ ಹೊರಗಿನಿಂದ ತರಿಸುವುದು, ಎಲ್ಲರ ಮನೆಗೂ ಹೋಗಲೇಬೇಕೆಂಬ ಹಟ ಬಿಡುವುದು ಇವು ಹಬ್ಬವನ್ನು ಕುಂದಿಸುವುದಿಲ್ಲ. ಕಿರಿಕಿರಿಯ ಪ್ರಶ್ನೆಗೆ ವಾದವೂ ಬೇಡ, ವಿವರಣೆಯೂ ಬೇಡ. ‘ಆ ವಿಷಯ ಇನ್ನೊಮ್ಮೆ ಮಾತಾಡೋಣ ಚಿಕ್ಕಮ್ಮ, ನಿಮ್ಮ ಮಂಡಿನೋವು ಹೇಗಿದೆ?’ ಎಂಬಂಥ ಒಂದು ಉತ್ತರವನ್ನು ಸಿದ್ಧವಾಗಿಟ್ಟುಕೊಂಡರೆ ಸಾಕು. ಕೇಳುವವರೂ ಒಂದು ಕ್ಷಣ ತಡೆದು, ಉತ್ತರ ನೋವು ತರಬಹುದಾದ ಪ್ರಶ್ನೆಯನ್ನು ಬಿಟ್ಟುಬಿಡುವುದು ಲೇಸು.

ಅಗಲಿಕೆಯ ನಂತರದ ಮೊದಲ ಹಬ್ಬ

ಮನೆಯಲ್ಲಿ ಸಾವು ಸಂಭವಿಸಿದ ವರ್ಷ ಹಬ್ಬ ಆಚರಿಸದಿರುವ ಪದ್ಧತಿ ರಾಜ್ಯದ ಅನೇಕ ಸಮುದಾಯಗಳಲ್ಲಿದೆ. ಪಿತೃಪಕ್ಷದಲ್ಲಿ, ವಿಶೇಷವಾಗಿ ಮಹಾಲಯ ಅಮಾವಾಸ್ಯೆಯಂದು, ಅಗಲಿದ ಹಿರಿಯರಿಗೆ ಅವರ ಇಷ್ಟದ ಅಡುಗೆ ಮಾಡಿ ಎಡೆ ಇಡುತ್ತಾರೆ. ಈ ಆಚರಣೆಗಳ ಧಾರ್ಮಿಕ ಅರ್ಥ ಏನೇ ಇರಲಿ, ಮನಸ್ಸಿನ ದೃಷ್ಟಿಯಿಂದ ಅವುಗಳಲ್ಲಿ ಒಂದು ವಿವೇಕವಿದೆ. ಮೊದಲನೆಯದು ದುಃಖಿಸಲು ಕಾಲಾವಕಾಶ ನೀಡುತ್ತದೆ. ಎರಡನೆಯದು ಹೋದವರ ಹೆಸರೆತ್ತಲು ನಿಗದಿತ ದಿನವೊಂದನ್ನು ಒದಗಿಸುತ್ತದೆ.

ನಗರಗಳ ಪುಟ್ಟ ಕುಟುಂಬಗಳಲ್ಲಿ ಈ ಅವಕಾಶ ಕಡಿಮೆಯಾಗುತ್ತಿದೆ. ‘ಮಕ್ಕಳಿಗಾಗಿಯಾದರೂ ಹಬ್ಬ ಮಾಡಿ’ ಎಂದು ಒತ್ತಾಯಿಸುವವರಿದ್ದಾರೆ. ದುಃಖ ಹೆಚ್ಚಾದೀತೆಂದು ಹೋದವರ ಮಾತನ್ನೇ ತೆಗೆಯದವರೂ ಇದ್ದಾರೆ. ಹಬ್ಬ ಮಾಡಬೇಕೇ ಬೇಡವೇ ಎಂಬುದನ್ನು ದುಃಖದಲ್ಲಿರುವವರಿಗೇ ಬಿಡುವುದು ಒಳಿತು. ಮಾಡುವುದಾದರೆ ದೀಪವೊಂದನ್ನು ಹಚ್ಚಿ ಅಗಲಿದವರನ್ನು ನೆನೆಯಬಹುದು. ಅಳು ಬಂದರೆ ತಡೆಯಬೇಕಾಗಿಲ್ಲ. ಮಕ್ಕಳು ಅಜ್ಜನ ಅಥವಾ ಅಮ್ಮನ ವಿಷಯ ಕೇಳಿದರೆ ಮಾತು ಬದಲಿಸದೆ ಅವರ ವಯಸ್ಸಿಗೆ ತಕ್ಕಂತೆ ಸತ್ಯವನ್ನೇ ಹೇಳಬೇಕು.

ಹೆಚ್ಚಿನವರಲ್ಲಿ ಕಾಲ ಕಳೆದಂತೆ ದುಃಖದ ತೀವ್ರತೆ ತಗ್ಗುತ್ತದೆ. ಕೆಲವರಲ್ಲಿ ಹಾಗಾಗುವುದಿಲ್ಲ. ತಿಂಗಳುಗಳು ಉರುಳಿದರೂ ಹಂಬಲ ಮೊದಲ ದಿನದಂತೆಯೇ ಉಳಿದು ನಿತ್ಯದ ಬದುಕು ಸಾಗದಂತಾಗುವ ಸ್ಥಿತಿಯನ್ನು ದೀರ್ಘಕಾಲೀನ ಶೋಕದ ಅಸ್ವಸ್ಥತೆ ಎಂದು ವೈದ್ಯಶಾಸ್ತ್ರ ಗುರುತಿಸಿದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಇದಕ್ಕೆ ಕನಿಷ್ಠ 6 ತಿಂಗಳ ಅವಧಿಯನ್ನು ಸೂಚಿಸಿದರೆ, ಅದೇ ವರ್ಷ ಅಮೆರಿಕದ ಮನೋವೈದ್ಯರ ಸಂಘ ಪರಿಷ್ಕರಿಸಿದ ಕೈಪಿಡಿ ವಯಸ್ಕರಿಗೆ 12 ತಿಂಗಳೆಂದು ಹೇಳಿದೆ. ಇಂಥವರಿಗೆ ಸಮಾಧಾನದ ಮಾತು ಸಾಲದು, ಚಿಕಿತ್ಸೆ ಬೇಕು.

ಜಾಗರಣೆ, ಉಪವಾಸ ಮತ್ತು ಔಷಧಿ

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಹಬ್ಬದಲ್ಲಿ ಎಲ್ಲಕ್ಕಿಂತ ಮೊದಲು ಕಾಪಾಡಿಕೊಳ್ಳಬೇಕಾದದ್ದು ನಿದ್ದೆಯನ್ನು. ಉನ್ಮಾದ ಮತ್ತು ಖಿನ್ನತೆಗಳು ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ ಇರುವವರಲ್ಲಿ ಒಂದೆರಡು ರಾತ್ರಿಯ ನಿದ್ದೆಗೇಡು ಸಹ ಉನ್ಮಾದವನ್ನು ಕೆರಳಿಸಬಲ್ಲದು. ರಾತ್ರಿ ಬಸ್ಸಿನ ಪ್ರಯಾಣ, ಮುಂಜಾನೆಯ ಎಣ್ಣೆಸ್ನಾನ, ತಡರಾತ್ರಿಯ ವಿಸರ್ಜನಾ ಮೆರವಣಿಗೆ, ವೈಕುಂಠ ಏಕಾದಶಿ ಹಾಗೂ ಶಿವರಾತ್ರಿಯ ಜಾಗರಣೆ ಇವುಗಳಿಂದ ಅಂಥವರಿಗೆ ವಿನಾಯಿತಿ ನೀಡುವುದು ಮನೆಯವರ ಹೊಣೆ. ನಿದ್ದೆಯೇ ಬೇಡವೆನ್ನುವುದು, ಅತಿಯಾದ ಮಾತು, ಕೈಮೀರಿದ ಖರ್ಚು, ದೊಡ್ಡ ದೊಡ್ಡ ಯೋಜನೆಗಳು ಕಾಣಿಸಿಕೊಂಡರೆ ಅದನ್ನು ಹಬ್ಬದ ಉತ್ಸಾಹವೆಂದು ಭಾವಿಸದೆ ವೈದ್ಯರಿಗೆ ತಿಳಿಸಬೇಕು.

ಉಪವಾಸದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಬೈಪೋಲಾರ್ ಕಾಯಿಲೆಗೆ ನೀಡುವ ಲಿಥಿಯಂ ಔಷಧಿಯ ಪ್ರಮಾಣ ರಕ್ತದಲ್ಲಿ ಒಂದು ಮಿತಿಯೊಳಗಿರಬೇಕು. ನೀರು ಕುಡಿಯದ ಉಪವಾಸ, ಇದ್ದಕ್ಕಿದ್ದಂತೆ ಉಪ್ಪು ಬಿಡುವ ವ್ರತ, ವಾಂತಿ-ಭೇದಿ ಇವುಗಳಿಂದ ಆ ಮಟ್ಟ ಅಪಾಯಕಾರಿಯಾಗಿ ಏರಬಹುದು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳಿಂದಲೂ ಹೀಗಾಗುತ್ತದೆ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ವಾಂತಿ ಇವು ಅದರ ಸೂಚನೆಗಳಾಗಿದ್ದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಂಥವರು ವೈದ್ಯರ ಸಲಹೆ ಪಡೆಯದೆ ಉಪವಾಸಕ್ಕೆ ತೊಡಗಬಾರದು.

‘ವ್ರತದ ದಿನ ಮಾತ್ರೆ ಬೇಡ’, ‘ಹಬ್ಬ ಮುಗಿದ ಮೇಲೆ ಶುರು ಮಾಡಿದರಾಯಿತು’ ಎಂಬ ಮಾತುಗಳೂ ಮನೆಗಳಲ್ಲಿ ಕೇಳಿಬರುತ್ತವೆ. ಖಿನ್ನತೆಯ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ರಾಹೀನತೆ, ಸಿಡುಕು ಕಾಣಿಸಿಕೊಳ್ಳಬಹುದು. ಚಿತ್ತವಿಕಲತೆಯ ಔಷಧಿ ತಪ್ಪಿದರೆ ಕಾಯಿಲೆಯೇ ಮರುಕಳಿಸಬಹುದು. ಹಬ್ಬದ ದಿನಗಳಲ್ಲಿ ಕ್ಲಿನಿಕ್ಕು ಹಾಗೂ ಔಷಧಿ ಅಂಗಡಿಗಳು ಮುಚ್ಚಿರುವ ಸಂಭವವಿರುವುದರಿಂದ ಎರಡು ವಾರಕ್ಕಾಗುವಷ್ಟು ಮಾತ್ರೆಗಳನ್ನು ಮೊದಲೇ ತಂದಿಟ್ಟುಕೊಳ್ಳಬೇಕು. ಪ್ರಯಾಣದಲ್ಲಿ ಮಾತ್ರೆ ಮತ್ತು ವೈದ್ಯರ ಚೀಟಿ ಕೈಚೀಲದಲ್ಲಿರಲಿ; ಬಸ್ಸಿನ ಡಿಕ್ಕಿಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ.

ಮದ್ಯ: ಕುಡಿಯುವುದೂ ಅಪಾಯ, ದಿಢೀರನೆ ಬಿಡುವುದೂ ಅಪಾಯ

ಹಬ್ಬದ ಮರುದಿನದ ಬಾಡೂಟ, ಯುಗಾದಿಯ ಹೊಸತೊಡಕು, ವರ್ಷಾಂತ್ಯದ ಪಾರ್ಟಿಗಳು ಮದ್ಯಸೇವನೆಗೆ ನೆಪವಾಗುವುದುಂಟು. ಮದ್ಯ ಸ್ವಲ್ಪ ಹೊತ್ತು ಬೇಸರವನ್ನು ಮರೆಸಿದಂತೆ ತೋರಿದರೂ ನಿದ್ದೆಯನ್ನು ಕೆಡಿಸಿ ಖಿನ್ನತೆಯನ್ನು ಹೆಚ್ಚಿಸುತ್ತದೆ, ಯೋಚಿಸದೆ ದುಡುಕುವಂತೆ ಮಾಡುತ್ತದೆ. ನಿದ್ರೆಯ ಮಾತ್ರೆಗಳೊಂದಿಗೆ ಅದು ಸೇರಿದರೆ ಉಸಿರಾಟಕ್ಕೇ ಕುತ್ತು ಬರಬಹುದು.

ಅಷ್ಟಾಗಿ ತಿಳಿಯದ ಅಪಾಯ ಇನ್ನೊಂದಿದೆ. ನವೆಂಬರ್‌ನಿಂದ ಜನವರಿವರೆಗಿನ ಶಬರಿಮಲೆ ಯಾತ್ರೆಯ ಕಾಲದಲ್ಲಿ ಮಾಲೆ ಧರಿಸುವವರು 41 ದಿನಗಳ ವ್ರತ ಹಿಡಿದು ಮದ್ಯವನ್ನು ತ್ಯಜಿಸುತ್ತಾರೆ. ಶ್ರಾವಣದಲ್ಲಿ ಕುಡಿತ ಬಿಡುವವರೂ ಬಹಳ. ಸಂಕಲ್ಪ ಒಳ್ಳೆಯದೇ. ಆದರೆ ಹಲವು ವರ್ಷಗಳಿಂದ ಪ್ರತಿದಿನ ಹೆಚ್ಚು ಪ್ರಮಾಣದಲ್ಲಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು, ತಳಮಳ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಸಮಯ-ಸ್ಥಳಗಳ ಪರಿವೆ ತಪ್ಪಿ, ಇಲ್ಲದ್ದು ಕಾಣಿಸಿ, ವಿಪರೀತ ಗಲಿಬಿಲಿ ಉಂಟಾಗಬಹುದು. ಇದು ಪ್ರಾಣಾಪಾಯದ ತುರ್ತುಸ್ಥಿತಿ. ಇದನ್ನು ದೇವರು ಮೈಮೇಲೆ ಬಂದದ್ದೆಂದೋ ವ್ರತಭಂಗದ ಫಲವೆಂದೋ ತಿಳಿದು ತಡಮಾಡಬಾರದು. ನಿತ್ಯ ಕುಡಿಯುವವರು ಮಾಲೆ ಧರಿಸುವ ಮುನ್ನ ವೈದ್ಯರನ್ನು ಕಂಡರೆ ಕೆಲವು ದಿನಗಳ ಔಷಧಿಯಿಂದ ಸುರಕ್ಷಿತವಾಗಿ ಮದ್ಯ ಬಿಡಲು ಸಾಧ್ಯ. ವ್ರತ ಮುಗಿದ ದಿನ ಹಳೆಯ ಪ್ರಮಾಣಕ್ಕೇ ಮರಳುವುದೂ ಅಪಾಯಕಾರಿ, ಏಕೆಂದರೆ ಅಷ್ಟರಲ್ಲಿ ದೇಹದ ತಾಳಿಕೆ ಕುಗ್ಗಿರುತ್ತದೆ.

ಖರ್ಚಿನ ಚಿಂತೆ

ಸಾಲ ಮಾಡಿಯಾದರೂ ಹಬ್ಬ ಮಾಡಬೇಕೆಂಬ ಭಾವನೆ ಬಲವಾದುದು. ಮಗಳ ಮದುವೆಯಾದ ವರ್ಷ ಅಳಿಯನನ್ನು ಮೊದಲ ದೀಪಾವಳಿಗೆ ಕರೆದು ಬಟ್ಟೆ, ಚಿನ್ನ, ಬೆಳ್ಳಿ ನೀಡುವ ರೂಢಿಯಿರುವ ಮನೆಗಳಲ್ಲಿ ಮದುವೆಯ ಸಾಲ ತೀರುವ ಮೊದಲೇ ಇನ್ನೊಂದು ಸಾಲ ಹುಟ್ಟುತ್ತದೆ. ಚೀಟಿ ಹಣ ಎತ್ತುವುದು, ಒಡವೆ ಅಡವಿಡುವುದು, ಮೊಬೈಲ್ ಆ್ಯಪ್‌ಗಳಲ್ಲಿ ಸಾಲ ಪಡೆಯುವುದು ಆ ಕ್ಷಣಕ್ಕೆ ಸುಲಭ. ಕಂತು ಕಟ್ಟುವ ಚಿಂತೆ ಆರಂಭವಾಗುವುದು ಹಬ್ಬ ಮುಗಿದ ಮೇಲೆ. ದೀಪಾವಳಿಯ ಇಸ್ಪೀಟಿನಾಟದಲ್ಲಿ ‘ಶಾಸ್ತ್ರಕ್ಕೆ’ ಎಂದು ಆರಂಭವಾದ ಪಣ ಕೆಲವು ಮನೆಗಳಲ್ಲಿ ದೊಡ್ಡ ನಷ್ಟದಲ್ಲಿ ಕೊನೆಗೊಳ್ಳುತ್ತದೆ.

ಹಬ್ಬದ ಒಟ್ಟು ಖರ್ಚಿಗೆ ಒಂದು ಮಿತಿ ಹಾಕಿ, ಅದನ್ನು ಕಾಗದದ ಮೇಲೆ ಬರೆದು, ಮನೆಯ ವಯಸ್ಕರೆಲ್ಲರಿಗೂ ತಿಳಿಸುವುದು ಸರಳವಾದ ಉಪಾಯ. ಕೈ ಕಟ್ಟಿದ ವರ್ಷ ಅದನ್ನು ಮಕ್ಕಳಿಗೂ ನಾಲ್ಕು ಮಾತಿನಲ್ಲಿ ಹೇಳಬಹುದು. ಮುಚ್ಚಿಟ್ಟ ಸಾಲ ಹೇಳಿಕೊಂಡ ಸಾಲಕ್ಕಿಂತ ಹೆಚ್ಚು ಭಾರ.

ಹಿರಿಯರು ಮತ್ತು ಮಕ್ಕಳು

ಮರೆಗುಳಿ ಕಾಯಿಲೆ ಇರುವ ಹಿರಿಯರಿಗೆ ಗದ್ದಲ, ಅಪರಿಚಿತ ಮುಖಗಳು, ಬದಲಾದ ಕೋಣೆ ಇವು ಗೊಂದಲವನ್ನೂ ಭಯವನ್ನೂ ಹೆಚ್ಚಿಸುತ್ತವೆ. ಆಟಿಸಂ ಇರುವ ಮಕ್ಕಳಲ್ಲಿ ಹಲವರಿಗೆ ಪಟಾಕಿಯ ಸದ್ದು ಸಹಿಸಲಸಾಧ್ಯ. ಮನೆಯಲ್ಲಿ ಒಂದು ಕೋಣೆಯನ್ನು ಶಾಂತವಾಗಿ ಉಳಿಸುವುದು, ಅವರ ಊಟ-ನಿದ್ದೆಯ ವೇಳೆಯನ್ನು ಬದಲಿಸದಿರುವುದು, ನೆಂಟರು ಒಬ್ಬೊಬ್ಬರಾಗಿ ಬಂದು ಮಾತನಾಡಿಸುವಂತೆ ಏರ್ಪಾಡು ಮಾಡುವುದು ಉಪಯುಕ್ತ. ದೀಪಾವಳಿಯಲ್ಲಿ ಪಟಾಕಿ ಸಿಡಿಸುವ ಅವಧಿಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ರಾತ್ರಿ 8ರಿಂದ 10 ಗಂಟೆಗೆ ಸೀಮಿತಗೊಳಿಸಿತು. ಇಂಥ ಮಿತಿಯನ್ನು ಬೀದಿಯವರೆಲ್ಲ ಪಾಲಿಸಿದರೆ ಈ ಮನೆಗಳಿಗೆ ಅದೇ ದೊಡ್ಡ ಉಪಕಾರ.

ಹಬ್ಬ ಮುಗಿದ ನಂತರದ ವಾರ

ಹಬ್ಬದ ದಿನಗಳಲ್ಲಿಯೇ ಆತ್ಮಹತ್ಯೆಗಳು ಹೆಚ್ಚುತ್ತವೆ ಎಂಬ ನಂಬಿಕೆ ಪಾಶ್ಚಾತ್ಯ ದೇಶಗಳಲ್ಲಿ ವ್ಯಾಪಕವಾಗಿದೆ. ಅಧ್ಯಯನಗಳು ಅದನ್ನು ಸಮರ್ಥಿಸುವುದಿಲ್ಲ. ಕೌಟುಂಬಿಕ ರಜಾದಿನಗಳ ಆಸುಪಾಸಿನಲ್ಲಿ ಆತ್ಮಹತ್ಯೆಗಳು ಇಳಿಮುಖವಾಗಿರುವುದನ್ನು ಅಮೆರಿಕದಲ್ಲಿ 1987ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಡೆನ್ಮಾರ್ಕ್‌ನಲ್ಲಿ 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕ್ರಿಸ್‌ಮಸ್‌ಗೆ ಮುನ್ನ ಕಡಿಮೆಯಾದ ಸಂಖ್ಯೆ ಹಬ್ಬದ ನಂತರ ಏರಿದ್ದು ಕಂಡುಬಂದಿತು. ಒಳ್ಳೆಯದಾಗಬಹುದೆಂಬ ನಿರೀಕ್ಷೆ ಹುಸಿಯಾದಾಗ ಹತಾಶೆ ಹೆಚ್ಚುತ್ತದೆ ಎಂಬ ವಿವರಣೆಯನ್ನು ಹೋವರ್ಡ್ ಗಬೆನೆಶ್ ಎಂಬ ವಿದ್ವಾಂಸರು 1988ರಲ್ಲಿ ಮುಂದಿಟ್ಟಿದ್ದರು. ಈ ಅಂಕಿಅಂಶಗಳು ಬೇರೆ ದೇಶಗಳವು. ಆದರೆ ಇವು ಹೇಳುವ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ: ನೆಂಟರು ಹೊರಟು ಮನೆ ಬರಿದಾದಾಗ, ಮಕ್ಕಳು ವಿಮಾನ ಹತ್ತಿದಾಗ, ಸಾಲದ ಕಂತು ಬಂದಾಗ ನೊಂದವರ ಕಡೆ ಗಮನ ಇರಬೇಕು. ಹಬ್ಬದ ಶುಭಾಶಯದ ಸಂದೇಶ ನೂರು ಜನ ಕಳಿಸುತ್ತಾರೆ. ಮರುವಾರದ ಒಂದು ದೂರವಾಣಿ ಕರೆಗೆ ಬೆಲೆ ಹೆಚ್ಚು.

ಬೇಸರವೋ, ಖಿನ್ನತೆಯೋ?

ಹಬ್ಬದ ಬೇಸರ ಸಾಮಾನ್ಯವಾಗಿ ದಿನಚರಿ ಮರಳಿದಂತೆ ಕರಗುತ್ತದೆ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಭಾಗ ಮುಂದುವರಿದರೆ, ಜೊತೆಗೆ ನಿದ್ದೆ-ಹಸಿವುಗಳಲ್ಲಿ ಏರುಪೇರು, ಆಯಾಸ, ಏಕಾಗ್ರತೆಯ ಕೊರತೆ, ತಾನು ನಿಷ್ಪ್ರಯೋಜಕ ಎಂಬ ಭಾವನೆ, ಸಾವಿನ ಯೋಚನೆಗಳಿದ್ದರೆ ಅದು ಖಿನ್ನತೆಯ ಕಾಯಿಲೆಯಾಗಿರಬಹುದು. ಸಾವಿನ ಯೋಚನೆ ಒಂದೇ ಕಂಡುಬಂದರೂ ಎರಡು ವಾರ ಕಾಯಬಾರದು.

ಅಂಥ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಆಧಾರರಹಿತ. ಕೇಳುವುದರಿಂದ ನೊಂದವರಿಗೆ ಬಾಯಿ ಬಿಡಲು ಅವಕಾಶ ಸಿಗುತ್ತದೆ. ಉಪದೇಶ, ಹೋಲಿಕೆ, ಗದರಿಕೆಗಳಿಲ್ಲದೆ ಕೇಳಿಸಿಕೊಳ್ಳಬೇಕು. ಅಂಥವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ನೆರವು ಎಲ್ಲಿ ದೊರೆಯುತ್ತದೆ?

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಯ ಬಗೆಯನ್ನು ಅನುಸರಿಸಿ ಅವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ನಾಚಿಕೆ, ದೂರ, ಖರ್ಚು ಇದಕ್ಕೆ ಮುಖ್ಯ ಕಾರಣಗಳು.

ಈ ಅಂತರವನ್ನು ಕಡಿಮೆ ಮಾಡಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ-ಮನಸ್ ಸಹಾಯವಾಣಿಯನ್ನು ಆರಂಭಿಸಿತು. 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಆಪ್ತಸಮಾಲೋಚಕರೊಡನೆ ಮಾತನಾಡಬಹುದು. ಬಳಲುತ್ತಿರುವವರೇ ಅಲ್ಲ, ಅವರ ಮನೆಯವರೂ ಸಲಹೆ ಪಡೆಯಬಹುದು. ಪ್ರಾಣಾಪಾಯದ ತುರ್ತಿನಲ್ಲಿ 112ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಧಾವಿಸಬೇಕು.

ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹಾಗೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಚಿಕಿತ್ಸೆ ಲಭ್ಯ. ಇಂದು ದೇಶಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಈ ಕಾರ್ಯಕ್ರಮದ ಸೇವೆಯನ್ನು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಪಡೆಯಬಹುದು.

ಕಾನೂನಿನ ಭಯವೂ ಬೇಡ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ. ಅವರಿಗೆ ಆರೈಕೆ ಮತ್ತು ಚಿಕಿತ್ಸೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗಳಿಗೂ ವಿಮಾ ಸೌಲಭ್ಯ ಇರಬೇಕೆಂದೂ ಅದು ವಿಧಿಸಿದೆ. ಆದ್ದರಿಂದ ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಹೋಗಲು ತಡಮಾಡುವ ಅಗತ್ಯವಿಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

* ಹಬ್ಬದ ದಿನಗಳಲ್ಲಿಯೂ ಮಲಗುವ ಮತ್ತು ಏಳುವ ವೇಳೆ ಆದಷ್ಟು ಬದಲಾಗದಿರಲಿ.
* ವೈದ್ಯರನ್ನು ಕೇಳದೆ ಯಾವ ವ್ರತಕ್ಕಾಗಿಯೂ ಮಾತ್ರೆ ನಿಲ್ಲಿಸಬಾರದು. ಎರಡು ವಾರದ ಮಾತ್ರೆ ಮೊದಲೇ ಕೈಯಲ್ಲಿರಲಿ.
* ನಿತ್ಯ ಕುಡಿಯುವವರು ವೈದ್ಯರ ನೆರವಿನಿಂದಲೇ ಮದ್ಯ ಬಿಡಬೇಕು.
* ಖರ್ಚಿನ ಮಿತಿಯನ್ನೂ ಕೆಲಸದ ಹಂಚಿಕೆಯನ್ನೂ ಹಬ್ಬಕ್ಕೆ ಮುನ್ನವೇ ಎಲ್ಲರೂ ಕುಳಿತು ತೀರ್ಮಾನಿಸಬೇಕು.
* ಸಾವಿನ ಮನೆಯಲ್ಲಿ ಹಬ್ಬಕ್ಕೆ ಒತ್ತಾಯ ಸಲ್ಲದು. ಹೋದವರ ಮಾತನ್ನು ತಡೆಯುವುದೂ ಸಲ್ಲದು.
* ಒಂಟಿಯಾಗಿರುವ ನೆರೆಯವರನ್ನು ಹಬ್ಬದ ದಿನ ಊಟಕ್ಕೆ ಕರೆಯಿರಿ. ಮರುವಾರ ಮತ್ತೊಮ್ಮೆ ವಿಚಾರಿಸಿ.
* ಎರಡು ವಾರ ಕಳೆದರೂ ಬೇಸರ ತಗ್ಗದಿದ್ದರೆ ವೈದ್ಯರನ್ನು ಕಾಣಿರಿ. ಸಾವಿನ ಯೋಚನೆ ಬಂದರೆ ಆ ಕ್ಷಣವೇ 14416ಕ್ಕೆ ಕರೆ ಮಾಡಿ.